ವಾಪಸ್ ಬರುವ ಪುರಾವೆ

ಕೊಡಗಿನ ಪೊನ್ನಂಪೇಟೆಯಲ್ಲಿ ಲಂಡನ್ ಅಂದರೆ ಊರಿಗಿಂತ ಮೊದಲು ನೆನಪಾಗುವುದು ರೋಬಸ್ಟಾ ದರ. ಅರೇಬಿಕಾ ಬೆಳೆಯುವವರು ನ್ಯೂಯಾರ್ಕ್ ನೋಡುತ್ತಾರೆ, ನಾವು ಲಂಡನ್ ನೋಡುತ್ತೇವೆ. ಬೆಳಿಗ್ಗೆ ಹಾಲು ತರಲು ಹೋದವನೂ ‘ಲಂಡನ್ ಎಷ್ಟಿದೆ ಇವತ್ತು?’ ಎಂದು ಕೇಳಿಯೇ ಮುಂದೆ ಹೋಗುತ್ತಾನೆ. ಟನ್ನಿಗೆ ಇಷ್ಟು ಡಾಲರ್ ಎಂದು ಅಲ್ಲಿ ಯಾರೋ ಕೂಗಿದ್ದು ನಮ್ಮ ಕಣದಲ್ಲಿ ಒಣಗುತ್ತಿರುವ ಚೆರಿಗೆ ಅದೇ ದಿನ ತಗಲುತ್ತದೆ. 2024ರಲ್ಲಿ ಆ ದರ ಯಾರೂ ಕಾಣದ ಎತ್ತರಕ್ಕೆ ಏರಿದ ಮೇಲೆ, ಇಷ್ಟು ವರ್ಷ ಫೋನಿನಲ್ಲಿ ನೋಡಿದ ಲಂಡನ್ನನ್ನು ಕಣ್ಣಲ್ಲೂ ನೋಡಿ ಬರೋಣ ಎಂದು ಮನೆಯಲ್ಲಿ ಮಾತಾಯಿತು.

ಹೊರಡುವುದೆಂದರೆ ಸೂಟ್‌ಕೇಸ್ ಇಳಿಸುವುದು ಎಂದುಕೊಂಡಿದ್ದವರಿಗೆ ಗೋಣಿಕೊಪ್ಪದ ಏಜೆಂಟ್ ಹುಡುಗ ಬೇರೆಯೇ ಪಾಠ ಮಾಡಿದ. ಟಿಕೆಟ್, ಹೋಟೆಲ್ ಎಲ್ಲ ಆಮೇಲೆ. ವೀಸಾ ಕೊಡುವವರಿಗೆ ನಾವು ಅಲ್ಲಿಗೆ ಯಾಕೆ ಹೋಗುತ್ತೇವೆ ಎಂಬುದು ಅರ್ಧ ಪ್ರಶ್ನೆ. ವಾಪಸ್ ಯಾಕೆ ಬರುತ್ತೇವೆ ಎಂಬುದೇ ಉಳಿದರ್ಧ, ಅದೇ ದೊಡ್ಡದು. ಸಂಬಳದವರಿಗೆ ಇದು ಸಲೀಸು. ಕಂಪನಿಯವರು ಮೂರು ಸಾಲಿನ ರಜಾಪತ್ರ ಕೊಟ್ಟರೆ ಮುಗಿಯಿತು. ತೋಟ ಇಟ್ಟುಕೊಂಡವನಿಗೆ ರಜೆ ಕೊಡುವವರು ಯಾರು?

‘ಮೂರು ವರ್ಷದ ಐ.ಟಿ. ರಿಟರ್ನ್ಸ್ ಕೊಡಿ ಅಂಕಲ್.’

‘ಚೆರಿ ಮಾರುವವನಿಗೆ ಕೃಷಿ ಆದಾಯ ಕಣಪ್ಪ. ಅದಕ್ಕೆ ಆದಾಯ ತೆರಿಗೆ ಇಲ್ಲ.’

‘ನನಗೆ ಗೊತ್ತು ಅಂಕಲ್. ಅವರಿಗೆ ಗೊತ್ತಾಗಬೇಕಲ್ಲ.’

ಬ್ಯಾಂಕಿನ ಪುಸ್ತಕ ತೋರಿಸೋಣ ಎಂದರೆ ಅದರ ಚಾಳಿಯೇ ಬೇರೆ. ಕಾಫಿಯವನ ಖಾತೆಗೆ ವರ್ಷದಲ್ಲಿ ಒಂದೆರಡು ಸಲ ದೊಡ್ಡ ಮೊತ್ತ ಬಂದು ಬೀಳುತ್ತದೆ, ಉಳಿದ ತಿಂಗಳೆಲ್ಲ ಹೊರಗೆ ಹೋಗುವುದೇ. ಆರು ತಿಂಗಳ ಸ್ಟೇಟ್‌ಮೆಂಟ್ ತೆಗೆದರೆ, ವೀಸಾಕ್ಕೆಂದೇ ಯಾರ ಹತ್ತಿರವೋ ಸಾಲ ತಂದು ತುಂಬಿಸಿದ ಹಾಗೆ ಕಾಣುತ್ತದೆ. ಎಲ್ಲಿಂದ ಬಂತೆಂದು ಹೇಳಲಾಗದ ದೊಡ್ಡ ಜಮೆ ಕಂಡರೆ ಅರ್ಜಿ ಅಲ್ಲಿಗೇ ಕೂರುವುದುಂಟು. ಆದ್ದರಿಂದ ಕಾಫಿ ಮಾರಿದ ಬಿಲ್ಲು, ಕರಿಮೆಣಸು ಮಾರಿದ ಬಿಲ್ಲು, ಯಾವ ಬಿಲ್ಲು ಯಾವ ತಾರೀಕಿನ ಜಮೆಗೆ ಎಂದು ಪೆನ್ಸಿಲ್ ಗುರುತು, ಜೊತೆಗೆ ಒಂದು ಕಾಗದ: ಸ್ವಾಮಿ, ನಮ್ಮಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ರೋಬಸ್ಟಾ ಕೊಯ್ಲು, ಹಣ ಬರುವುದು ಅದರ ನಂತರ, ಅದರಲ್ಲೇ ವರ್ಷ ಕಳೆಯುವುದು. ಕೃಷಿ ಸಾಲಕ್ಕೂ ನಾನು ಇಷ್ಟು ವಿನಯದ ಕಾಗದ ಬರೆದಿರಲಿಲ್ಲ.

ಇನ್ನು ಆರ್‌ಟಿಸಿ, ಅಂದರೆ ಪಹಣಿ. ಬಯಲುಸೀಮೆಯವರ ಪಹಣಿಯಲ್ಲಿ ಒಬ್ಬನ ಹೆಸರು, ಅವನ ಎಕರೆ, ಮುಗಿಯಿತು. ನಮ್ಮ ವಂಶಪಾರಂಪರ್ಯದ ಜಮ್ಮಾ ಬಾಣೆಯ ಪಹಣಿ ಹಾಗಲ್ಲ. ಅಲ್ಲಿ ಪಟ್ಟೆದಾರರ ಹೆಸರು ಮೊದಲು, ಅವರು ತೀರಿಕೊಂಡು ಎಷ್ಟು ಕಾಲವಾಗಿದ್ದರೂ ಸರಿ. ಅವರ ಹಿಂದೆ ಒಕ್ಕದ, ಅಂದರೆ ಕುಲದ, ಉಳಿದವರೆಲ್ಲ ಸಾಲುಗಟ್ಟಿರುತ್ತಾರೆ. ನನ್ನ ಹೆಸರು ಹುಡುಕಲು ನನಗೇ ಕನ್ನಡಕ ಬೇಕು. ಇಷ್ಟು ಜನ ಒಡೆಯರಿರುವ ಜಮೀನು ಒಬ್ಬನನ್ನು ವಾಪಸ್ ಎಳೆದು ತರುತ್ತದೆಂದು ಪರದೇಶದ ಅಧಿಕಾರಿ ನಂಬಬೇಕು. ತಾಲ್ಲೂಕು ಕಚೇರಿ ಈಗ ಪೊನ್ನಂಪೇಟೆಯಲ್ಲೇ ಇರುವುದರಿಂದ ವಿರಾಜಪೇಟೆಯ ಬಸ್ಸು ಹಿಡಿಯುವುದು ತಪ್ಪಿತು, ಅಷ್ಟೇ ಲಾಭ. ಕನ್ನಡದ ಕಾಗದಗಳಿಗೆಲ್ಲ ಇಂಗ್ಲಿಷ್ ಅನುವಾದ ಬೇಕು. ಅನುವಾದಕರ ಹೆಸರು, ಸಹಿ, ತಾರೀಕು, ಸಂಪರ್ಕ ಎಲ್ಲ ಅದರ ಮೇಲಿರಬೇಕು. ಹೆಸರಿನದೊಂದು ಬೇರೆ ಪುರಾಣ. ಕೊಡವರಲ್ಲಿ ಮನೆಹೆಸರು ಮೊದಲು ಬರುತ್ತದೆ, ಪಾಸ್‌ಪೋರ್ಟಿನಲ್ಲಿ ಅದಕ್ಕೆ ಬೇರೆ ಖಾನೆ. ಆಧಾರ್‌ನಲ್ಲಿ ಇನಿಷಿಯಲ್, ಬ್ಯಾಂಕಿನಲ್ಲಿ ಪೂರ್ತಿ. ಎಲ್ಲ ಕಡೆ ಒಂದೇ ರೀತಿ ಇದೆಯೇ ಎಂದು ಟಿಕೆಟ್ ತೆಗೆಯುವ ಮೊದಲು ನೋಡಿಕೊಳ್ಳಿ, ಆಮೇಲೆ ಅಲ್ಲ.

ಬೆರಳಚ್ಚು ಕೊಡಲು ಬೆಂಗಳೂರಿಗೇ ಹೋಗಬೇಕು. ಬೆರಳಲ್ಲಿ ಗಾಯ, ಮದರಂಗಿ ಏನೂ ಇರಬಾರದಂತೆ. ಮದುವೆಯ ಸೀಸನ್ನಿನಲ್ಲಿ ಹೆಂಗಸರಿಗೂ ಮೆಣಸು ಕೊಯ್ಲಿನಲ್ಲಿ ಗಂಡಸರಿಗೂ ಇದು ಸುಲಭದ ಷರತ್ತಲ್ಲ.

ಈ ಕಾಗದಗಳ ನಡುವೆಯೇ ಒಬ್ಬ ರಾಜ ನೆನಪಾಗುತ್ತಿದ್ದ. ಕೊಡಗಿನಿಂದ ಲಂಡನ್ನಿಗೆ ಹೊರಟವರಲ್ಲಿ ನಮಗೆಲ್ಲ ಹಿರಿಯ ಅವನೇ, ಚಿಕ್ಕವೀರರಾಜೇಂದ್ರ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅವನನ್ನು ಗದ್ದುಗೆಯಿಂದ ಇಳಿಸಿದರು. ವೆಲ್ಲೂರು, ಆಮೇಲೆ ಕಾಶಿ ಎಂದು ಸುತ್ತಿಸಿದರು. 1852ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅನುಮತಿ ಪಡೆದು, ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಸೂಯೆಜ್ ಕಾಲುವೆ ತೆರೆಯಲು ಇನ್ನೂ ಹದಿನೇಳು ವರ್ಷ ಬಾಕಿಯಿದ್ದ ಕಾಲ ಅದು. ದೊಡ್ಡಪ್ಪನ ಕಾಲದಲ್ಲಿ ಕಂಪನಿಯಲ್ಲಿ ತೊಡಗಿಸಿದ್ದ ಹಣ ಕೇಳಲು ಕಂಪನಿಯ ಮೇಲೇ ದಾವೆ ಹೂಡಿದ. 1852ರ ಜೂನ್ 30ರಂದು ಗೌರಮ್ಮನಿಗೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ತನ್ನ ಹೆಸರನ್ನೂ ಕೊಟ್ಟಳು. ರಾಜ 1859ರ ಸೆಪ್ಟೆಂಬರ್ 24ರಂದು ಲಂಡನ್ನಿನಲ್ಲೇ ತೀರಿಕೊಂಡ. ಗೌರಮ್ಮ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾಗಿ, ಒಂದು ಹೆಣ್ಣುಮಗು ಹೆತ್ತು, 1864ರಲ್ಲಿ ಇಪ್ಪತ್ಮೂರು ತುಂಬುವ ಮೊದಲೇ ಹೋದಳು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವರಿಗೆ ರಾಜನ ಕೊಡಗಿನ ದಿನಗಳು ಗೊತ್ತು. ಲಂಡನ್ನಿನ ದಿನಗಳಿಗೆ ಕಾಲ್ನಡಿಗೆಯೇ ದಾರಿ.

ಡಾಲ್‌ಹೌಸಿ ಅವನ ಹತ್ತಿರ ವಾಪಸ್ ಬರುವ ಪುರಾವೆ ಏನು ಕೇಳಿದನೋ. ಇವನ ಹತ್ತಿರ ಪಹಣಿಯಂತೂ ಇರಲಿಲ್ಲ, ಅದನ್ನು ಅವರೇ ತೆಗೆದುಕೊಂಡಿದ್ದರು.

ಊರು ನೋಡುವ ಪಟ್ಟಿ ಇಲ್ಲಿಂದ ಬದಲಾಯಿತು. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಮೇಣದ ಬೊಂಬೆ, ದೊಡ್ಡ ಚಕ್ರ, ಸೇತುವೆ ಇದ್ದವು. ಲಂಡನ್ನಿನಂಥ ಹಳೆಯ ಊರಿಗೆ ಪಟ್ಟಿ ಹಿಡಿದು ಹೋದವನು ಕಾಲುನೋವು ತರುತ್ತಾನೆ. ತನ್ನದೊಂದು ಕೆಲಸ ಇಟ್ಟುಕೊಂಡು ಹೋದವನಿಗೆ ಊರು ತಾನಾಗಿ ಒಂದಷ್ಟು ತೋರಿಸುತ್ತದೆ ಎಂಬುದು ನನ್ನ ಹಟ. ನಮ್ಮ ಕೆಲಸ ಈ ಅಪ್ಪ ಮಗಳ ಜಾಡು. ಹಿಡಿದು ನೋಡಿದರೆ ಅದು ಅರ್ಧ ಲಂಡನ್ ಸುತ್ತಿಸುತ್ತದೆ. ರಾಜನನ್ನು ಹೂಳಿದ್ದು ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ, ಊರಿನ ವಾಯವ್ಯಕ್ಕೆ. ಬೇಕರ್‌ಲೂ ಲೈನಿನಲ್ಲಿ ಅದೇ ಹೆಸರಿನ ನಿಲ್ದಾಣವಿದೆ. ಗೌರಮ್ಮನದು ಬ್ರಾಂಪ್ಟನ್ ಸ್ಮಶಾನ. ಡಿಸ್ಟ್ರಿಕ್ಟ್ ಲೈನಿನಲ್ಲಿ ವೆಸ್ಟ್ ಬ್ರಾಂಪ್ಟನ್‌ನಲ್ಲಿ ಇಳಿಯಬೇಕು. ಒಳಗೆ ಹೋಗಲು ದುಡ್ಡಿಲ್ಲ. ಆದರೆ ಬಾಗಿಲು ಮುಚ್ಚುವ ಹೊತ್ತು ಕಾಲಕಾಲಕ್ಕೆ ಬದಲಾಗುತ್ತದೆ, ನೋಡಿಕೊಂಡೇ ಹೋಗಬೇಕು.

ಬಕಿಂಗ್‌ಹ್ಯಾಮ್ ವಿಷಯದಲ್ಲಿ ಒಂದು ಸ್ವಾರಸ್ಯ ಸಿಕ್ಕಿತು. ಬೇಸಿಗೆಯಲ್ಲಿ ಅರಮನೆಯ ದೊಡ್ಡ ಕೋಣೆಗಳನ್ನು ಜನರಿಗೆ ತೆರೆಯುತ್ತಾರೆ, ದುಬಾರಿ ಟಿಕೆಟ್. ಗೌರಮ್ಮನ ದೀಕ್ಷೆ ಆದದ್ದು ಅಲ್ಲಿನ ಖಾಸಗಿ ಪ್ರಾರ್ಥನಾ ಮಂದಿರದಲ್ಲಿ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬು ಬಿದ್ದು ಅದು ಹಾಳಾಯಿತು. ಆ ಜಾಗದಲ್ಲಿ 1962ರಲ್ಲಿ ಚಿತ್ರಶಾಲೆ ತೆರೆದರು. ನಮಗೆ ಬೇಕಾದ ಜಾಗ ಇರುವುದು ಅರಮನೆಯ ಟಿಕೆಟ್ಟಿನಲ್ಲಲ್ಲ, ಪಕ್ಕದ ಚಿತ್ರಶಾಲೆಯ ಟಿಕೆಟ್ಟಿನಲ್ಲಿ. ಓದಿಕೊಂಡು ಹೋದರೆ ಹಣವೂ ಉಳಿಯುವುದುಂಟು.

ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ ಹಳೆಯ ಕಡತಗಳಿವೆ. ಓದುಗರ ಪಾಸ್ ಉಚಿತ, ಗುರುತು ಮತ್ತು ವಿಳಾಸದ ದಾಖಲೆ ತೋರಿಸಬೇಕು. 2023ರ ಅಕ್ಟೋಬರಿನಲ್ಲಿ ಆದ ಸೈಬರ್ ದಾಳಿಯಿಂದ ಅಲ್ಲಿನ ವ್ಯವಸ್ಥೆ ಬಹಳ ಕಾಲ ಕುಂಟಿತು. ಯಾವ ಕಡತ ಕೈಗೆ ಸಿಗುತ್ತದೆಂದು ಹೊರಡುವ ಮೊದಲೇ ಬರೆದು ಕೇಳುವುದು ಲೇಸು. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಅನಾವರಣವಾದ ಬಸವಣ್ಣನ ಪ್ರತಿಮೆಯಿದೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ. ಹಾಲೇರಿ ವಂಶದ ರಾಜರು ಲಿಂಗಾಯತರು. ಅದೂ ನಮ್ಮ ಜಾಡಿಗೆ ಹೊರತಲ್ಲ.

ಯಾವಾಗ ಹೋಗುವುದು ಎಂಬುದನ್ನು ಲಂಡನ್ನಿನ ಹವೆ ನೋಡಿ ತೀರ್ಮಾನಿಸುವುದು ಕೊಡಗಿನವರಿಗೆ ಆಗದ ಮಾತು. ಡಿಸೆಂಬರಿನಿಂದ ಕೊಯ್ಲು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಿಂದೆ ಓಡಬೇಕು. ಏಪ್ರಿಲ್, ಮೇಯಲ್ಲಿ ಮದುವೆಗಳು, ಹಾಕಿ. ಕಕ್ಕಡದ ಜೋರು ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚುವ ಹೊತ್ತಿಗೆ ಮನೆ ಬಿಟ್ಟು ಹೋಗುವ ಧೈರ್ಯ ಯಾರಿಗಿದೆ? ಉಳಿಯುವುದು ಸೆಪ್ಟೆಂಬರ್, ಕೈಲ್‌ಪೊಳ್ದು ಹಬ್ಬ ಮುಗಿದ ಮೇಲೆ. ಅದು ಲಂಡನ್ನಿನಲ್ಲೂ ಒಳ್ಳೆಯ ಕಾಲವೇ ಆಗಿರುವುದು ನಮ್ಮ ಪುಣ್ಯ. ಹಗಲು ಇಪ್ಪತ್ತು ಡಿಗ್ರಿಯ ಆಸುಪಾಸು, ಅಲ್ಲಿನ ಮಕ್ಕಳಿಗೆ ಶಾಲೆ ಶುರುವಾಗಿ ಗದ್ದಲ ಕಡಿಮೆ.

ಪಕ್ಕದ ಸುಬೇದಾರ್ ಮಾವ ಸೈನ್ಯದಲ್ಲಿ ಮೂವತ್ತು ವರ್ಷ ಗಂಟು ಕಟ್ಟಿದವರು, ಈಗ ನಮ್ಮ ಗಂಟಿನ ಉಸ್ತುವಾರಿ ಅವರದೇ.

‘ಅಲ್ಲಿ ಬಾರೀ ಮಳೆ ಅಂತಾರೆ. ಗಂಬೂಟ್ ಇಟ್ಕೊ.’

‘ವರ್ಷಕ್ಕೆ ಇಪ್ಪತ್ನಾಲ್ಕು ಇಂಚು ಮಾವ.’

ಮಾವನ ಮನೆಯ ಜಗಲಿಯಲ್ಲಿ ಮಳೆ ಪುಸ್ತಕವಿದೆ; ಇಂಚು, ಸೆಂಟು ಎಂದು ದಿನಾ ಬರೆದಿಡುತ್ತಾರೆ. ಅದರ ಜುಲೈ ಪುಟವೊಂದನ್ನು ತೆರೆದು ನೋಡಿದರು, ನನ್ನನ್ನು ನೋಡಿದರು. ‘ಇಷ್ಟಕ್ಕಾ ಇಂಗ್ಲಿಷರು ಅಷ್ಟು ಗೋಳಾಡೋದು?’ ಗಂಬೂಟ್ ಪಟ್ಟಿಯಿಂದ ಹೊರಗೆ ಹೋಯಿತು. ಪಳಗಿದ ಶೂ ಒಳಗೆ ಬಂತು. ಹೊಸ ಶೂ ಹಾಕಿಕೊಂಡು ವಿಮಾನ ಹತ್ತುವವರ ಮೇಲೆ ಮಾವನಿಗೆ ಮೊದಲಿನಿಂದಲೂ ತಾತ್ಸಾರ, ಅದರಲ್ಲಿ ನ್ಯಾಯವಿದೆ.

ತಿನ್ನುವ ವಸ್ತುಗಳ ವಿಷಯದಲ್ಲಿ ಮನೆಯಲ್ಲಿ ಶೋಕವೇ ಆಯಿತು. ನಮ್ಮ ದೇಶದಿಂದ ಮಾಂಸ, ಹಾಲಿನ ಪದಾರ್ಥ ಏನನ್ನೂ ಬ್ರಿಟನ್ನಿಗೆ ಒಯ್ಯುವಂತಿಲ್ಲ. ಹಂದಿ ಉಪ್ಪಿನಕಾಯಿ ಬಾಟಲಿ ಎಷ್ಟು ಭದ್ರವಾಗಿ ಮುಚ್ಚಿದರೂ ಮಾಂಸವೇ. ತುಪ್ಪವೂ ಹೋಯಿತು. ಕಡಂಬುಟ್ಟಿಗೆ ಅಕ್ಕಿ ತರಿ, ಕರಿಮೆಣಸಿನ ಪುಡಿ, ಹುರಿದ ಕಾಫಿಪುಡಿ ಉಳಿದವು. ಕಾಚಂಪುಳಿ ಎಂಬ ಕಪ್ಪು ಹುಳಿಯ ಸಣ್ಣ ಬಾಟಲಿ ದೊಡ್ಡ ಪೆಟ್ಟಿಗೆಯಲ್ಲಿ, ಬಟ್ಟೆಯ ಮಧ್ಯೆ, ಎರಡು ಪ್ಲಾಸ್ಟಿಕ್ಕಿನೊಳಗೆ. ಸೋರಿದರೆ ಆ ಕಪ್ಪು ಬಟ್ಟೆಯಿಂದ ಹೋಗುವ ಜಾತಿಯದಲ್ಲ.

ಉಳಿದ ಸಣ್ಣಪುಟ್ಟದ್ದು ಬೇಗ ಮುಗಿಯಿತು. ಅಲ್ಲಿನ ಪ್ಲಗ್ಗಿಗೆ ಚಪ್ಪಟೆ ಮೂರು ಕಾಲು, ಅಡಾಪ್ಟರ್ ಬೇಕು. ಕರೆಂಟು ನಮ್ಮದೇ ವೋಲ್ಟೇಜು. ಬಸ್ಸು, ರೈಲಿಗೆ ಟಿಕೆಟ್ ಕೊಳ್ಳುವ ಗೊಡವೆಯಿಲ್ಲ, ತಾಗಿಸುವ ಕಾರ್ಡ್ ಸಾಕು. ದಿನಕ್ಕಿಷ್ಟು ಎಂದು ಮಿತಿಯಿದೆ, ಅದಕ್ಕಿಂತ ಹೆಚ್ಚು ಕಡಿಯುವುದಿಲ್ಲ. ಆದರೆ ಬೆಳಿಗ್ಗೆ ತಾಗಿಸಿದ ಕಾರ್ಡನ್ನೇ ಸಂಜೆಯವರೆಗೂ ತಾಗಿಸಬೇಕು, ಒಬ್ಬರಿಗೆ ಒಂದು. ಗಂಡಹೆಂಡತಿ ಒಂದೇ ಕಾರ್ಡಿನಲ್ಲಿ ಸಂಸಾರ ಮಾಡುವಂತಿಲ್ಲ. ವಿದೇಶಿ ವ್ಯವಹಾರಕ್ಕೆ ಕಾರ್ಡ್ ತೆರೆದಿದೆಯೇ ಎಂದು ಬ್ಯಾಂಕಿನಲ್ಲಿ ನೋಡಿಸಿಕೊಂಡೆವು. ವಿಮಾನ ಬೆಂಗಳೂರಿನಿಂದಲೇ. ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ ನಮಗೆ ಎಷ್ಟೋ ಹತ್ತಿರ, ಆದರೆ ಅಲ್ಲಿಂದ ಗಲ್ಫಿಗೆ ಹೋಗಬಹುದು, ಲಂಡನ್ನಿಗೆ ನೇರ ಇಲ್ಲ.

ಮನೆ ನೋಡಿಕೊಳ್ಳುವುದು ಸುಬೇದಾರ್ ಮಾವನ ಪಾಲಿಗೆ. ನಾಯಿಗೆ ಅನ್ನ, ಸೋಲಾರ್ ಬೇಲಿಯ ಬ್ಯಾಟರಿ, ಆನೆ ಬಂದರೆ ಫೋನ್ ಮಾಡಬೇಕಾದ ಅರಣ್ಯ ಇಲಾಖೆಯ ನಂಬರು, ಲೈನ್‌ಮನೆಯವರಿಗೆ ವಾರದ ಬಟವಾಡೆ, ಎಲ್ಲ ಒಂದು ಹಾಳೆಯಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ವೀಸಾದವರಿಗೆ ಈ ಹಾಳೆಯನ್ನೇ ಕಳಿಸಿದ್ದರೆ ಸಾಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಇದನ್ನು ಓದಿದ ಯಾವ ಅಧಿಕಾರಿಯೂ ಈ ಮನುಷ್ಯ ಅಲ್ಲೇ ಉಳಿದುಬಿಡುತ್ತಾನೆಂದು ಹೆದರಲಾರ.

ಮನೆಯಾಕೆಗೆ ಮೊದಲು ಒಂದು ಆಸೆಯಿತ್ತು: ಮಡಿಕೇರಿ ಕೋಟೆಯ ಹತ್ತಿರದ ಒಂದು ಹಿಡಿ ಮಣ್ಣನ್ನು ಗೌರಮ್ಮನ ಸಮಾಧಿಗೆ ಹಾಕಿ ಬರಬೇಕೆಂದು. ಮಣ್ಣು ಒಯ್ಯುವುದಕ್ಕೂ ಅಲ್ಲಿ ನಿಷೇಧವಿದೆ ಎಂದೆ. ಅವಳು ಆ ಹೊತ್ತಿಗೆ ನನಗಿಂತ ಹೆಚ್ಚು ಓದಿಕೊಂಡಿದ್ದಳು.

‘ಹೋಗಲಿ ಬಿಡಿ. ಹುಟ್ಟಿದ್ದು ಕಾಶಿಯಲ್ಲಿ, ಹನ್ನೊಂದು ತುಂಬುವ ಹೊತ್ತಿಗೆ ಇಂಗ್ಲೆಂಡಿಗೆ ಹೋದಳು. ಕೊಡಗು ನೋಡಿದವಳೇ ಅಲ್ಲ. ಈ ಮಣ್ಣು ಅವಳಿಗೆ ಯಾವ ಊರಿಂದು?’

ಮಣ್ಣಿನ ಬದಲು ಅವಳು ಕೊಹಿನೂರ್ ಕೇಳಿದಳು. ಹಿಂದೆ ಆ ಹರಳಿನ ಒಡೆಯನಾಗಿದ್ದ ದುಲೀಪ್ ಸಿಂಗ್‌ಗೂ ಗೌರಮ್ಮನಿಗೂ ಮದುವೆ ಮಾಡಿಸಬೇಕೆಂದು ವಿಕ್ಟೋರಿಯಾ ಆಸೆಪಟ್ಟಿದ್ದಳಲ್ಲ, ಆಗಿದ್ದರೆ ಆ ಹರಳು ನಮ್ಮ ಕಡೆಯ ಸಂಬಂಧವೇ ಆಗುತ್ತಿತ್ತಲ್ಲ ಎಂಬುದು ಅವಳ ವಾದ. ಒಪ್ಪದೆ ಉಪಾಯವಿಲ್ಲ. ಹರಳು ಇರುವ ಟವರ್ ಆಫ್ ಲಂಡನ್ನಿಗೆ ಒಂದು ದಿನ ಹೋಯಿತು. ಸೆಪ್ಟೆಂಬರ್ 24 ಮಾತ್ರ ಕೆನ್ಸಲ್ ಗ್ರೀನಿಗೆ ಎಂದು ನಾನು ಬಿಡಲಿಲ್ಲ.

ಪ್ರವಾಸದ ಉದ್ದೇಶ ಎಂಬಲ್ಲಿ ‘ನಮ್ಮ ರಾಜನ ಸಮಾಧಿ ನೋಡಲು’ ಎಂದು ಬರೆದಿದ್ದೆ. ಏಜೆಂಟ್ ಹುಡುಗ ಓದಿ ತಲೆ ಕೆರೆದುಕೊಂಡ. ‘ಅಂಕಲ್, ಟೂರಿಸಂ ಅಂತ ಹಾಕ್ತೀನಿ. ರಾಜ ಗೀಜ ಅಂದ್ರೆ ಏನೋ ಕೇಳೋಕೆ ಬಂದಿದ್ದಾರೆ ಅಂದ್ಕೋತಾರೆ.’ ಹಾಕಿದ. ವಾಪಸ್ ಟಿಕೆಟ್ ತೆಗೆಯುವಾಗ, ದರ ಕಡಿಮೆಯಿದೆ, ಇನ್ನೊಂದು ವಾರ ಮುಂದೂಡಲಾ ಎಂದು ಕೇಳಿದ. ಬೇಡ ಎಂದೆ. ಮಳೆ ಬಿಟ್ಟ ಮೇಲೆ ಕಾಫಿಗೆ ಗೊಬ್ಬರ ಹಾಕಿಸಬೇಕು, ತಡವಾದರೆ ಆಳು ಸಿಗುವುದಿಲ್ಲ.