ಸಾಕ್ಷಿ ಹೇಳಬಂದ ಪ್ರೇತಗಳು

ಉಗಿಯಂತ್ರವೂ ತಂತಿವಾರ್ತೆಯೂ ಇಂಗ್ಲೆಂಡಿನ ಜನಜೀವನವನ್ನು ಬುಡಮಟ್ಟ ಮಾರ್ಪಡಿಸುತ್ತಿದ್ದ ಕಾಲದಲ್ಲಿ, 1859ರಲ್ಲಿ ಪ್ರಕಟವಾದ ಡಾರ್ವಿನ್ನನ ಗ್ರಂಥವು ಸೃಷ್ಟಿಯನ್ನು ಕುರಿತ ಶತಮಾನಗಳ ನಂಬಿಕೆಯನ್ನೇ ಅಲುಗಿಸುತ್ತಿದ್ದ ಕಾಲದಲ್ಲಿ, ಅಲ್ಲಿಯ ಸುಶಿಕ್ಷಿತ ಕುಟುಂಬಗಳು ಕ್ರಿಸ್ಮಸ್ ಹಬ್ಬದ ಇರುಳುಗಳಲ್ಲಿ ಅಗ್ಗಿಷ್ಟಿಕೆಯ ಸುತ್ತ ಕುಳಿತು ಪ್ರೇತಕಥೆಗಳನ್ನು ಅತ್ಯಾದರದಿಂದ ಓದಿಸಿ ಕೇಳುತ್ತಿದ್ದುವು. ಇದನ್ನು ಹಳೆಯ ಮೌಢ್ಯದ ಶೇಷವೆನ್ನುವವರುಂಟು, ವಿಜ್ಞಾನದಿಂದ ಬರಿದಾದ ಮನಸ್ಸಿನ ಹಂಬಲವೆನ್ನುವವರೂ ಉಂಟು. ಆ ವಿವರಣೆಗಳಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಆ ಕಥೆಗಳ ಸಹವಾಸದಲ್ಲಿ ಬಹುಕಾಲ ಕಳೆದಿರುವ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆ ಪ್ರೇತಗಳು ಕಾಣಿಸಿಕೊಳ್ಳುವುದು ಯಾರ ಕಣ್ಣಿಗೆ? ದಾದಿಗೆ, ಮಗುವಿಗೆ, 1898ರ ಹೆನ್ರಿ ಜೇಮ್ಸನ ಕಥೆಯಲ್ಲಾದರೆ ಪರರ ಮಕ್ಕಳಿಗೆ ಪಾಠ ಹೇಳಲು ಸಂಬಳಕ್ಕೆ ಬಂದ ಯುವತಿಗೆ. ಎಂದರೆ, ಯಾರ ಮಾತಿಗೆ ಆ ಮನೆಯಲ್ಲಿಯಾಗಲಿ ಊರಿನಲ್ಲಿಯಾಗಲಿ ತೂಕವಿಲ್ಲವೊ ಅಂಥವರಿಗೆ. ನ್ಯಾಯಸ್ಥಾನದಲ್ಲಿ ಕೂಗಿ ಕರೆಯದ ಸಾಕ್ಷಿಗಳಿಗೆ ಕಥೆಗಾರರು ಅಲೌಕಿಕದ ಮೂಲಕ ನಾಲಗೆ ಕೊಟ್ಟರೆಂದು ನಾನು ನಂಬಿದ್ದೇನೆ.

ಡಿಕನ್ಸನ ಸ್ಕ್ರೂಜನು ಧನಿಕನಾಗಿದ್ದೂ ಪ್ರೇತಗಳನ್ನು ಕಂಡನಲ್ಲವೆ ಎಂದು ಕೇಳಬಹುದು. ಕಂಡನು, ನಿಜ. ಆದರೆ 1843ರ ಆ ಕಥೆಯಲ್ಲಿ ಎಚ್ಚರಿಕೆಯನ್ನು ಪಡೆದವನ ಕೈಯಲ್ಲಿ ಹಣವಿತ್ತು, ಅಧಿಕಾರವಿತ್ತು. ಬೆಳಗಾಗುವಷ್ಟರಲ್ಲಿ ಅವನು ತನ್ನ ಗುಮಾಸ್ತನ ಮನೆಗೆ ಹಬ್ಬದೂಟದ ಹಕ್ಕಿಯನ್ನು ಕಳುಹಿಸಬಲ್ಲವನಾಗಿದ್ದನು. ಅದೇ ಲೇಖಕನು 23 ವರ್ಷಗಳ ತರುವಾಯ, 1866ರಲ್ಲಿ, ರೈಲ್ವೆಯ ಸಿಗ್ನಲ್ ನೌಕರನೊಬ್ಬನನ್ನು ಕುರಿತು ಬರೆದ ಕಥೆಯಲ್ಲಿ ಎಚ್ಚರಿಕೆಯೇನೋ ಬರುತ್ತದೆ. ಪಡೆದವನ ಕೈಯಲ್ಲಿ ಏನೂ ಇಲ್ಲ. ನೆಲವನ್ನು ಆಳವಾಗಿ ಕಡಿದ, ಬಿಸಿಲು ಇಳಿಯದ ಒಂದು ಕೊರಕಲು. ಅದರ ಕೊನೆಯಲ್ಲಿ ಸುರಂಗದ ಬಾಯಿ, ಒಂದು ಕೆಂಪು ದೀಪ, ಒಂದು ತಂತಿಯ ಯಂತ್ರ. ಅಲ್ಲಿ ಒಂಟಿಯಾಗಿ ಕಾವಲಿರುವ ಆ ಮನುಷ್ಯನಿಗೆ, ಎಡದೋಳಿನಿಂದ ಮುಖವನ್ನು ಮರೆಮಾಡಿಕೊಂಡು ಬಲಗೈಯನ್ನು ಆರ್ತವಾಗಿ ಬೀಸುವ ಆಕೃತಿಯೊಂದು ಕಾಣಿಸಿಕೊಳ್ಳುತ್ತದೆ. ಮೊದಲ ಸಲ ಕಂಡ ಕೆಲವೇ ಗಂಟೆಗಳಲ್ಲಿ ಆ ದಾರಿಯಲ್ಲಿ ಘೋರ ಅಪಘಾತವಾಗುತ್ತದೆ. ಎರಡನೆಯ ಸಲ ಕಂಡ ದಿನವೇ, ಹಾದುಹೋಗುತ್ತಿದ್ದ ಗಾಡಿಯಲ್ಲಿ ತರುಣಿಯೊಬ್ಬಳು ಹಠಾತ್ತಾಗಿ ಮೃತಳಾಗುತ್ತಾಳೆ. ಮೂರನೆಯ ಸಲ ಆಕೃತಿಯು ಬಂದಿರುವಾಗ ಅವನು ಮಾಡತಕ್ಕುದೇನು? ಅಪಾಯವೆಂದು ತಂತಿ ಕೊಟ್ಟರೆ ಯಾವ ಅಪಾಯ, ಎಲ್ಲಿ ಎಂದು ಮೇಲಿನವರು ಕೇಳುವರು. ಉತ್ತರವಿಲ್ಲದ ನೌಕರನನ್ನು ಹುಚ್ಚನೆಂದು ಬಗೆದು ಕೆಲಸದಿಂದ ತೆಗೆಯುವರು. ನಂಬಿಸಿದರೆ ನಂಬುವಂತಹ, ಕಾರ್ಯಮಾಡುವ ಶಕ್ತಿಯುಳ್ಳ ದೊಡ್ಡವರಿಗೆ ಕಾಣದೆ ತನಗೇಕೆ ಇದು ಕಾಣಬೇಕೆಂದು ಅವನು ಪರಿತಪಿಸುವ ಆ ಭಾಗವನ್ನು ಓದುವಾಗ, ಪ್ರೇತಕ್ಕಿಂತಲೂ ಆ ನೌಕರಿಯ ಕ್ರಮವೇ ನನಗೆ ಭಯಂಕರವಾಗಿ ತೋರಿದೆ.

ಈ ವೇದನೆಯ ಹಿಂದೆ ಡಿಕನ್ಸನು ಕಣ್ಣಾರೆ ಕಂಡುದಿತ್ತು. 1865ರ ಜೂನ್ 9ರಂದು ಕೆಂಟ್ ಪ್ರಾಂತದ ಸ್ಟೇಪಲ್‌ಹರ್ಸ್ಟ್ ಎಂಬಲ್ಲಿ ಅವನು ಪ್ರಯಾಣಮಾಡುತ್ತಿದ್ದ ಗಾಡಿಯು ಸೇತುವೆಯೊಂದರ ಮೇಲೆ ಹಳಿತಪ್ಪಿ 10 ಜನ ಸತ್ತರು. ದುರಸ್ತಿಗಾಗಿ ಹಳಿಗಳನ್ನು ಕಿತ್ತಿದ್ದರು. ಗಾಡಿ ಬರುವ ವೇಳೆಯನ್ನು ಮೇಸ್ತ್ರಿಯು ತಪ್ಪಾಗಿ ತಿಳಿದಿದ್ದನು. ಕೆಂಪು ಬಾವುಟ ಹಿಡಿದವನು ನಿಯಮದಲ್ಲಿ ಹೇಳಿದಷ್ಟು ದೂರದಲ್ಲಿ ನಿಂತಿರಲಿಲ್ಲವಾದುದರಿಂದ, ಬಾವುಟವು ಕಾಣಿಸಿದರೂ ಗಾಡಿಯನ್ನು ನಿಲ್ಲಿಸಲಾಗಲಿಲ್ಲ. ಗಾಯಗೊಂಡವರಿಗೆ ನೀರನ್ನೂ ಬ್ರಾಂದಿಯನ್ನೂ ಕೊಡುತ್ತ ಡಿಕನ್ಸನು ಹೊಳೆಯ ದಂಡೆಯಲ್ಲಿ ಓಡಾಡಿದನು. ಆ ಬಳಿಕ ರೈಲಿನ ಪ್ರಯಾಣವೆಂದರೆ ಅವನ ಮೈ ನಡುಗುತ್ತಿದ್ದಿತು. ವ್ಯರ್ಥವಾಗಿ ಬೀಸಿದ ಆ ಕೈಯೇ ಮರುವರ್ಷ ಸುರಂಗದ ಬಾಯಲ್ಲಿ ಪ್ರೇತದ ಕೈಯಾಗಿ ಮೂಡಿತೆಂದು ನಾನು ಊಹಿಸುತ್ತೇನೆ. ಕಥೆಯ ಕೊನೆಯಲ್ಲಿ ಆ ನೌಕರನೇ ಎಂಜಿನ್ನಿಗೆ ಸಿಕ್ಕಿ ಸಾಯುತ್ತಾನೆ. ಎಂಜಿನ್ ನಡೆಸುತ್ತಿದ್ದವನು ಕೂಗಿ ಕೂಗಿ, ಕಡೆಗೆ ನೋಡಲಾರದೆ ಒಂದು ತೋಳಿನಿಂದ ಕಣ್ಣು ಮುಚ್ಚಿಕೊಂಡು ಇನ್ನೊಂದನ್ನು ಬೀಸುತ್ತಿದ್ದನಂತೆ.

ನನ್ನ ನಂಬಿಕೆಗೆ ಸುಲಭವಾಗಿ ಮಣಿಯದ ಕಥೆಯೂ ಒಂದುಂಟು: ಐರ್ಲೆಂಡಿನ ಶೆರಿಡನ್ ಲೆ ಫಾನುವಿನ ‘ಗ್ರೀನ್ ಟೀ’, 1869ರದು. ಸಾಧುವಾದ ಪಾದ್ರಿಯೊಬ್ಬನನ್ನು ಕಿರಿದಾದ ಕಪ್ಪು ಕೋತಿಯೊಂದು ಹಗಲಿರುಳು ಹಿಂಬಾಲಿಸಿ ಕೊನೆಗೆ ಅವನನ್ನು ಆತ್ಮಹತ್ಯೆಗೆ ನೂಕುತ್ತದೆ. ಆ ಕೋತಿಯು ಯಾವ ಅನ್ಯಾಯಕ್ಕೆ ಸಾಕ್ಷಿ? ಪಾದ್ರಿಯು ಯಾರಿಗೂ ಕೇಡು ಬಗೆದವನಲ್ಲ; ವೈದ್ಯನು ಹೇಳುವ ಕಾರಣ ಅತಿಯಾದ ಹಸುರು ಚಹಾ. ಕಾರ್ಯಕ್ಕೆ ಸಾಲದ ಈ ಕಾರಣದಲ್ಲಿಯೇ ಕಥೆಯ ಘೋರತೆಯಿದೆ. ಇದನ್ನು ನಾನು ನನ್ನ ವಾದದೊಳಕ್ಕೆ ಎಳೆದು ತರಲಾರೆ, ತರಬಾರದು.

ಎಲಿಜಬೆತ್ ಗ್ಯಾಸ್ಕೆಲ್ ಎಂಬಾಕೆ ಡಿಕನ್ಸನ ಪತ್ರಿಕೆಯ 1852ರ ಕ್ರಿಸ್ಮಸ್ ಸಂಚಿಕೆಗೆ ಬರೆದ ದಾದಿಯ ಕಥೆಯಲ್ಲಿಯಾದರೋ ಸಾಕ್ಷ್ಯದ ಪ್ರಶ್ನೆಯೇ ಪ್ರಾಣ. ನಾರ್ಥಂಬರ್ಲೆಂಡಿನ ಬೆಟ್ಟದ ತಪ್ಪಲಿನ ದೊಡ್ಡ ಮನೆಯಲ್ಲಿ ಬಿರುಗಾಳಿಯ ರಾತ್ರಿ ಆರ್ಗನ್ ವಾದ್ಯವು ಮೊಳಗುತ್ತದೆ. ಹೆಸ್ಟರ್ ಎಂಬ ದಾದಿ ಹಗಲಿನಲ್ಲಿ ತೆರೆದು ನೋಡಿದರೆ ಅದರ ಒಳಗೆಲ್ಲ ಮುರಿದು ಹಾಳಾಗಿದೆ. ಒಂದು ಕಾಲದಲ್ಲಿ ಆ ಮನೆಯ ಯಜಮಾನನು ತನ್ನ ಹಿರಿಯ ಮಗಳನ್ನೂ ಅವಳ ಕೂಸನ್ನೂ ಹಿಮದಲ್ಲಿ ಹೊರಗೆ ನೂಕಿದ್ದನು. ಅಸೂಯೆಯಿಂದ ಅಕ್ಕನ ಗುಟ್ಟನ್ನು ಬಯಲುಮಾಡಿದ ಕಿರಿಯ ಮಗಳು ಈಗ ಹಣ್ಣು ಮುದುಕಿಯಾಗಿ ಅದೇ ಮನೆಯಲ್ಲಿದ್ದಾಳೆ. ಸತ್ತ ಕೂಸು ಕಿಟಕಿಯಾಚೆಯಿಂದ ಬದುಕಿರುವ ಮಗುವನ್ನು ಹಿಮಕ್ಕೆ ಕರೆಯುತ್ತದೆ. ಕೊನೆಯ ದೃಶ್ಯದಲ್ಲಿ ಹಳೆಯ ಅಪರಾಧವು ಎಲ್ಲರ ಕಣ್ಣೆದುರಿಗೇ ಮತ್ತೆ ನಡೆಯುತ್ತದೆ. ಕಲ್ಲಿನಂತೆ ನಿಂತು ನೋಡುತ್ತಿರುವ ತನ್ನ ಯೌವನದ ರೂಪವನ್ನು ಮುದುಕಿಯೂ ಕಾಣುತ್ತಾಳೆ. ಡಿಕನ್ಸನಿಗೆ ಇದು ಒಪ್ಪಿಗೆಯಾಗಲಿಲ್ಲ. ಪ್ರೇತಗಳು ಮಗುವಿಗೆ ಮಾತ್ರ ಕಾಣಲಿ ಎಂದು ಅವನು ಮತ್ತೆ ಮತ್ತೆ ಬರೆದನು. ಕಥಾಕೌಶಲದ ದೃಷ್ಟಿಯಿಂದ ಅವನ ಸಲಹೆ ಸೂಕ್ಷ್ಮವಾದುದೇ: ಒಬ್ಬರಿಗೇ ಕಂಡುದು ಸಂಶಯವನ್ನು ಉಳಿಸುತ್ತದೆ, ಸಂಶಯವು ಭಯವನ್ನು ಬೆಳೆಸುತ್ತದೆ. ಆದರೆ ಮಗುವಿಗೆ ಮಾತ್ರ ಕಂಡಿದ್ದರೆ ಅದನ್ನು ಜ್ವರದ ಕನಸೆಂದು ತಳ್ಳಿಹಾಕಿ ಆ ಮನೆ ಮತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದಿತು. ಪಾಪಮಾಡಿದವಳು ಕಾಣದೆ ತಪ್ಪಿಸಿಕೊಳ್ಳುತ್ತಿದ್ದಳು. ಗ್ಯಾಸ್ಕೆಲ್ ತನ್ನ ಮುಕ್ತಾಯವನ್ನು ಬಿಟ್ಟುಕೊಡಲಿಲ್ಲ, ಡಿಕನ್ಸನು ಅದನ್ನು ಅವಳು ಬರೆದಂತೆಯೇ ಅಚ್ಚುಹಾಕಿದನು. ಈ ವಿವಾದದಲ್ಲಿ ನಾನು ನಿಸ್ಸಂದೇಹವಾಗಿ ಆ ಮಹಾತಾಯಿಯ ಪಕ್ಷದವನು.