ಬಾಕಿ ಉಳಿದ ಸಾಲು

ಅಬ್ಬಾ ಅವರದು ನೂಲು, ಗುಂಡಿ, ಫಾಲ್ಸ್ ಮಾರುವ ಪುಟ್ಟ ಅಂಗಡಿ. ಗಿರಾಕಿಗಳಲ್ಲಿ ಹೆಚ್ಚಿನವರು ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸರು. ಹೊಲಿಗೆಯ ಹಣ ಬರುವವರೆಗೆ ಉದ್ರಿ. ಅದನ್ನೆಲ್ಲ ಅಬ್ಬಾ ಕೆಂಪು ಪುಸ್ತಕದಲ್ಲಿ ಉರ್ದುವಿನಲ್ಲಿ ಬರೆದಿಡುತ್ತಾರೆ.

ಕಾಮರ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿರುವ ನನಗೆ ಆ ಪುಸ್ತಕ ನೋಡಿದಾಗಲೆಲ್ಲ ಕೈ ತುರಿಸುತ್ತಿತ್ತು. ದಸರಾ ರಜೆಯಲ್ಲಿ ಒಬ್ಬರಿಗೆ ಒಂದು ಸಾಲಿನಂತೆ ಎಲ್ಲರ ಉದ್ರಿಯನ್ನೂ ಟೆಕ್ಸ್ಟ್ ಫೈಲಿಗೆ ಹಾಕಿ, ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದೆ. ಹಣ ಕೊಟ್ಟವರ ಹೆಸರು ಟೈಪ್ ಮಾಡಿದರೆ ಅವರ ಸಾಲು ಹೋಗಬೇಕು.

ಫೈಲನ್ನು ‘ಡಬ್ಲ್ಯೂ’ ಮೋಡ್‌ನಲ್ಲಿ ತೆರೆದರೆ ತೆರೆದ ಕ್ಷಣವೇ ಒಳಗಿದ್ದದ್ದೆಲ್ಲ ಖಾಲಿ. ಲ್ಯಾಬ್‌ನಲ್ಲಿ ಒಮ್ಮೆ ಹಾಗೆ ಕಳೆದುಕೊಂಡು ಅಳುವಂತಾಗಿತ್ತು. ಅದಕ್ಕೇ ‘ಆರ್ ಪ್ಲಸ್’ ಆರಿಸಿಕೊಂಡೆ. ಅದರಲ್ಲಿ ಓದಬಹುದು, ಬರೆಯಬಹುದು. ತಾನಾಗಿ ಏನೂ ಅಳಿಯುವುದಿಲ್ಲ. ಎಲ್ಲ ಓದಿಕೊಂಡು, ‘ಸೀಕ್ ಸೊನ್ನೆ’ ಎಂದು ಫೈಲಿನ ಆರಂಭಕ್ಕೆ ಮರಳಿ, ಹೊಸ ಪಟ್ಟಿಯನ್ನು ಹಳೆಯದರ ಮೇಲೆ ಬರೆಯುವುದು. 450 ಇದ್ದದ್ದನ್ನು 300 ಮಾಡಿ ನೋಡಿದೆ. ಸರಿಯಾಗಿತ್ತು.

ಪಟ್ಟಿಯ ಕೊನೆಯಲ್ಲಿ ನಮ್ಮ ಓಣಿಯ ಒಬ್ಬ ಖಾಲಾ ಹೆಸರಿತ್ತು, 640 ರೂಪಾಯಿ. ಅಬ್ಬಾ ಅಸರ್ ನಮಾಜಿಗೆ ಹೋಗಿದ್ದಾಗ ಅವರು ಬಂದು ಪೂರ್ತಿ ಕೊಟ್ಟರು. ಹಣ ಗಲ್ಲಾಕ್ಕೆ ಹಾಕಿ, ಅವರ ಹೆಸರು ಟೈಪ್ ಮಾಡಿದೆ. ಕೆಂಪು ಪುಸ್ತಕ ಮುಟ್ಟಲಿಲ್ಲ. ಪ್ರೋಗ್ರಾಂ ಇದೆಯಲ್ಲ!

ಸೋಮವಾರ ನಾನು ಕಾಲೇಜಿನಲ್ಲಿದ್ದೆ. ನಾನೇ ಪ್ರಿಂಟ್ ಹಾಕಿಕೊಟ್ಟ ಪಟ್ಟಿ ನೋಡಿ ಅಬ್ಬಾ ನಾಲ್ಕು ಜನರೆದುರು, “ಆಪಾ, ಆ 640...” ಎಂದರಂತೆ. “ನಿಮ್ಮ ಮಗಳ ಕೈಗೆ ಕೊಟ್ಟೆನಲ್ಲ ಭಾಯಿ” ಎಂದಷ್ಟೇ ಹೇಳಿ, ಖಾಲಾ ನೂಲು ಕೊಳ್ಳದೆ ಹೊರಟುಹೋದರಂತೆ.

ಸಂಜೆ ಫೈಲ್ ತೆರೆದೆ. ಅವರ ಸಾಲು ಹಾಗೇ ಕೂತಿತ್ತು. ಹೊಸ ಬರಹ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಮಾತ್ರ ಹಳೆಯದು ಮುಚ್ಚುತ್ತದೆ, ಆಚೆಗಿರುವುದು ಉಳಿಯುತ್ತದೆ. ನನ್ನ ಹೊಸ ಪಟ್ಟಿ ಒಂದು ಸಾಲು ಚಿಕ್ಕದು, ಆ ಒಂದು ಸಾಲೇ ಖಾಲಾ ಅವರದು. 450, 300 ಎರಡೂ ಮೂರೇ ಅಂಕಿ. ಉದ್ದ ಬದಲಾಗಿರಲಿಲ್ಲ, ಹಾಗಾಗಿ ತಪ್ಪು ಕಂಡಿರಲಿಲ್ಲ. ಬರೆದು ಮುಗಿದ ಮೇಲೆ ‘ಟ್ರಂಕೇಟ್’ ಎಂದು ಹಾಕಿದ್ದರೆ ಫೈಲ್ ಅಲ್ಲಿಗೇ ಕತ್ತರಿಸಿಹೋಗುತ್ತಿತ್ತು.

ಅಬ್ಬಾ ಬೈಯಲಿಲ್ಲ. “ಕ್ಯಾಸೆಟ್ ಇದ್ದ ಹಾಗೆ” ಅಂದರು. ಹಳೆ ಕ್ಯಾಸೆಟ್ ಮೇಲೆ ಹತ್ತು ನಿಮಿಷ ರೆಕಾರ್ಡ್ ಮಾಡಿದರೆ, ಅದು ಮುಗಿದ ಕೂಡಲೇ ಹಳೆ ಹಾಡು ಶುರುವಾಗುತ್ತಿತ್ತಂತೆ. ನಾನು ಒಂದು ಗಂಟೆ ತಲೆ ಕೆಡಿಸಿಕೊಂಡದ್ದು ಅವರಿಗೆ ಒಂದೇ ಮಾತಿಗೆ ಅರ್ಥವಾಗಿತ್ತು. ಆಮೇಲೆ ನನ್ನನ್ನು ಖಾಲಾ ಮನೆಗೆ ಕರೆದುಕೊಂಡು ಹೋದರು. ತಪ್ಪು ಹೇಗಾಯಿತೆಂದು ನಾನೇ ಹೇಳಬೇಕಾಯಿತು. ಖಾಲಾ ಹೊಲಿಗೆ ಮಷೀನಿನಿಂದ ತಲೆ ಎತ್ತದೆ ಕೇಳಿದರು, ಕೊನೆಗೆ ಚಹಾ ಕೊಟ್ಟರು.

ಅಂಕಿಯ ಮೇಲೆ ಅಂಕಿ ತಿದ್ದಬೇಡಿ, ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ ಎಂದು ಅಕೌಂಟೆನ್ಸಿ ಮೇಡಂ ಹೇಳುತ್ತಲೇ ಇರುತ್ತಾರೆ. ಅಬ್ಬಾ ಪುಸ್ತಕದಲ್ಲಿ ಇರುವುದೂ ಹಾಗೇ. ಈಗ ನನ್ನ ಪ್ರೋಗ್ರಾಂ ಏನನ್ನೂ ಅಳಿಸುವುದಿಲ್ಲ. ‘ಎ’ ಮೋಡ್‌ನಲ್ಲಿ ತೆರೆದು, ಯಾರು ಎಂದು ಎಷ್ಟು ಕೊಟ್ಟರು ಎಂಬುದನ್ನು ಕೊನೆಗೆ ಸೇರಿಸುತ್ತದೆ.

ಖಾಲಾ ಮತ್ತೆ ಅಂಗಡಿಗೆ ಬರುತ್ತಿದ್ದಾರೆ. ಗಲ್ಲಾದಲ್ಲಿ ನಾನಿದ್ದರೆ, ಕೆಂಪು ಪುಸ್ತಕ ತೆಗೆಸಿ, ಅವರ ಹೆಸರಿನ ಮೇಲೆ ಗೆರೆ ಎಳೆಯುವುದನ್ನು ನೋಡಿಯೇ ಹೊರಡುತ್ತಾರೆ.