ಕಾಂಡ್ಲಾ ನೆರಳಿಗೆ ಎಂಥ ರಾಡ್?

ಗಾಳದ ಸಾಮಾನಿನ ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು, ಈ ರಾಡ್ ಎಷ್ಟು ಕೆ.ಜಿ. ಮೀನನ್ನು ತಡೆಯುತ್ತದೆ ಎಂದು. ಅಂಗಡಿಯವರೂ ತುದಿಯನ್ನು ನೆಲದವರೆಗೆ ಬಾಗಿಸಿ ತೋರಿಸಿ, ಹತ್ತು ಕೆ.ಜಿ.ಗೆ ಏನೂ ತೊಂದರೆಯಿಲ್ಲ ಎನ್ನುತ್ತಾರೆ. ಕೊಳ್ಳುವವರು ನಂಬಿ ಎಂಟಡಿಯದ್ದೋ ಒಂಬತ್ತಡಿಯದ್ದೋ ದಪ್ಪ ರಾಡೊಂದನ್ನು ಹಿಡಿದು ಬರುತ್ತಾರೆ. ಅದನ್ನು ತೆಗೆದುಕೊಂಡು ಹೋಗಿ ನಿಲ್ಲುವುದು ಹತ್ತು ಮೀಟರ್ ಅಗಲವೂ ಇಲ್ಲದ, ಎರಡೂ ದಡದ ಕೊಂಬೆಗಳು ನೀರಿಗೆ ಬಾಗಿರುವ ಒಂದು ಹಳ್ಳದ ಬದಿಯಲ್ಲಿ. ಅಲ್ಲಿ ಆ ರಾಡನ್ನು ಬೀಸುವುದಕ್ಕೆ ಎಡೆಯಿಲ್ಲ. ಬೀಸಿದರೂ ಅದರ ತುದಿಗೆ ಕಟ್ಟಿದ ಎಂಟು ಗ್ರಾಮಿನ ನಕಲಿ ಮೀನು, ಅಂದರೆ ಲ್ಯೂರ್, ಹೇಳಿದ ಕಡೆಗೆ ಹೋಗುವುದಿಲ್ಲ. ಕೊಳ್ಳುವಾಗ ಕೇಳಬೇಕಾದದ್ದು ಬೇರೆಯೇ ಇತ್ತು. ಈ ರಾಡ್ ಎಷ್ಟು ಗ್ರಾಂ ತೂಕವನ್ನು ಚೆನ್ನಾಗಿ ಎಸೆಯುತ್ತದೆ, ನಾನು ನಿಲ್ಲುವ ಜಾಗದಲ್ಲಿ ಕೈ ಆಡಿಸಲು ಎಷ್ಟು ಜಾಗವಿದೆ, ನೀರಿನೊಳಗೆ ದಾರಕ್ಕೆ ತೊಡಕಾಗುವಂಥದ್ದು ಏನಿದೆ ಎಂಬುದು. ಲ್ಯೂರ್ ಹಾಕಿ ಮೀನು ಹಿಡಿಯುವವರು ರಾಡನ್ನು ಆರಿಸಬೇಕಾದದ್ದು ಹಳ್ಳವನ್ನು ನೋಡಿ, ಮೀನಿನ ತೂಕವನ್ನು ಊಹಿಸಿ ಅಲ್ಲ. ನನ್ನ ವಾದ ಇಷ್ಟೇ, ಆದರೆ ಇದಕ್ಕೆ ಎದುರಾಗಿ ಹೇಳುವ ಮಾತುಗಳಲ್ಲಿ ಕೆಲವು ಹಗುರವಾದವಲ್ಲ. ಅವನ್ನು ಎದುರಿಸದೆ ವಾದ ನಿಲ್ಲುವುದಿಲ್ಲ.

ಉದಾಹರಣೆಗೆ ಅಘನಾಶಿನಿಯನ್ನು ತೆಗೆದುಕೊಳ್ಳೋಣ. ಶಿರಸಿಯ ಕಡೆ ಹುಟ್ಟಿ, ದೊಡ್ಡ ಅಣೆಕಟ್ಟೊಂದೂ ಇಲ್ಲದೆ ಕಡಲು ಸೇರುವ ನದಿ ಇದು. ಇದರ ಅಳಿವೆ 2024ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕುಮಟೆಯ ಸುತ್ತಮುತ್ತ ಈ ಅಳಿವೆ ಹತ್ತಾರು ಸಣ್ಣ ಕವಲುಗಳಾಗಿ ಒಡೆದು ಉಪ್ಪುನೀರಿನ ಗಜನಿ ಗದ್ದೆಗಳ ಅಂಚಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ನುಗ್ಗುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ನೀರು ಏರಿದಾಗ ಸಿಗಡಿಯೂ ಮರಿಮೀನುಗಳೂ ಬೇರುಗಳ ಒಳಗೆ ಸೇರಿಕೊಳ್ಳುತ್ತವೆ. ಇಳಿಯತೊಡಗಿದಾಗ ಒಂದೊಂದು ಸಣ್ಣ ಕಾಲುವೆಯ ಬಾಯಿಂದ ಹೊರಬರಲೇಬೇಕಾಗುತ್ತದೆ. ಆ ಬಾಯಲ್ಲಿ, ಬೇರಿನ ನೆರಳಿನಲ್ಲಿ ಕಾದು ನಿಂತಿರುವುದು ಕೆಂಬೇರಿ, ಕುರುಡಿ. ಎರಡೂ ಬೇಟೆಯನ್ನು ಬಹುದೂರ ಅಟ್ಟಿಕೊಂಡು ಹೋಗುವ ಮೀನುಗಳಲ್ಲ, ಹೊಂಚು ಹಾಕಿ ಹೊಡೆಯುವವು. ಎರಡರ ಬಾಳೂ ನಮ್ಮ ವಾದಕ್ಕೆ ಮುಖ್ಯ. ಕೆಂಬೇರಿ ಎಳೆಯದಾಗಿರುವಾಗ ಅಳಿವೆಯಲ್ಲಿ, ಹಳ್ಳಗಳಲ್ಲಿ ಇದ್ದು, ಬೆಳೆದ ಮೇಲೆ ಕಡಲಿನ ಕಲ್ಲುಬಂಡೆಗಳ ಕಡೆ ಹೊರಟುಹೋಗುತ್ತದೆ. ಸೀಬಾಸ್ ಎಂದು ಪೇಟೆಯಲ್ಲಿ ಮಾರುವ ಕುರುಡಿಯೂ ಮೊಟ್ಟೆಯಿಡುವುದು ಅಳಿವೆಯ ಬಾಯಿಯ ಬಳಿಯ ಉಪ್ಪುನೀರಿನಲ್ಲಿ, ಅದರ ಮರಿಗಳು ಬೆಳೆಯುವುದು ಒಳಗಿನ ಕವಲುಗಳಲ್ಲಿ. ಅಂದರೆ ಹಳ್ಳದಲ್ಲಿ ನಮಗೆ ಎದುರಾಗುವುದು ಬಹುಮಟ್ಟಿಗೆ ಎಳೆಯ ಮೀನು. ಹತ್ತು ಕೆ.ಜಿ.ಯ ಲೆಕ್ಕ ಹಾಕಿ ರಾಡ್ ಕೊಂಡವರು ಅಲ್ಲಿ ಅಪರೂಪಕ್ಕೆ ಬರುವ ಅತಿಥಿಗಾಗಿ ಎಲ್ಲ ತಯಾರಿ ನಡೆಸಿದಂತಾಯಿತು.

ಈಗ ಎಸೆತದ ಮಾತು. ಬಿದಿರಿನ ಕೋಲಿಗೆ ದಾರ ಕಟ್ಟಿ ಎರೆಹುಳು ಇಳಿಬಿಡುವಾಗ ಕೋಲು ಬಾಗಬೇಕಾದ ಅಗತ್ಯವಿಲ್ಲ. ಅದು ಕೈಯನ್ನು ಉದ್ದ ಮಾಡಿದರೆ ಸಾಕು. ಲ್ಯೂರಿನ ವಿಷಯ ಹಾಗಲ್ಲ. ಅಲ್ಲಿ ರಾಡ್ ಹಿಂದಕ್ಕೆ ಬಾಗಿ, ಆ ಬಾಗುವಿಕೆಯಲ್ಲಿ ಶಕ್ತಿಯನ್ನು ತುಂಬಿಕೊಂಡು, ಬಿಟ್ಟಾಗ ನೆಟ್ಟಗಾಗುತ್ತ ಲ್ಯೂರನ್ನು ಚಿಮ್ಮಿಸುತ್ತದೆ. ಬಾಗಿಸುವುದು ಲ್ಯೂರಿನ ತೂಕವೇ. ಹಾಗಾಗಿ ಪ್ರತಿ ಒಳ್ಳೆಯ ರಾಡಿನ ಮೇಲೆ, ಹಿಡಿಕೆಯ ತುಸು ಮೇಲುಗಡೆ, ಸಣ್ಣ ಅಕ್ಷರದಲ್ಲಿ ಲ್ಯೂರಿನ ತೂಕವನ್ನು ಬರೆದಿರುತ್ತಾರೆ. 5ರಿಂದ 15 ಗ್ರಾಂ ಎಂದಿದ್ದರೆ ಎಂಟು, ಹತ್ತು ಗ್ರಾಮಿನಲ್ಲಿ ಆ ರಾಡ್ ಅತ್ಯಂತ ಸೊಗಸಾಗಿ ಕೆಲಸ ಮಾಡುತ್ತದೆ. 20ರಿಂದ 60 ಗ್ರಾಂ ಎಂದು ಬರೆದ ರಾಡಿಗೆ ಎಂಟು ಗ್ರಾಂ ಕಟ್ಟಿದರೆ ರಾಡಿಗೆ ಅದು ಇದೆಯೆಂದೇ ಗೊತ್ತಾಗುವುದಿಲ್ಲ. ಆಗ ರಾಡ್ ಮಾಡಬೇಕಾದ ಕೆಲಸವನ್ನು ತೋಳು ಮಾಡುತ್ತದೆ, ತೋಳಿನ ಬಲದಿಂದ ಎಸೆದದ್ದು ಗುರಿ ತಪ್ಪುತ್ತದೆ. ಹಳ್ಳದಲ್ಲಿ ಗುರಿಯೇ ಎಲ್ಲ. ಹತ್ತು ಹದಿನೈದು ಮೀಟರಿಗಿಂತ ದೂರ ಎಸೆಯುವ ಪ್ರಸಂಗ ಅಲ್ಲಿ ಕಡಿಮೆ. ಆದರೆ ಬೇರಿನಿಂದ ಒಂದು ಗೇಣು ದೂರದಲ್ಲಿ ಬಿದ್ದ ಲ್ಯೂರಿಗೂ ಒಂದು ಮಾರು ದೂರದಲ್ಲಿ ಬಿದ್ದದ್ದಕ್ಕೂ ಅಜಗಜಾಂತರ. ಹೊಂಚು ಹಾಕಿದ ಮೀನು ಗೇಣಿಗೆ ಹೊರಬರುತ್ತದೆ, ಮಾರಿಗೆ ಬರುವುದು ಅನುಮಾನ. ಉದ್ದದ ಮಾತೂ ಇಲ್ಲಿಗೇ ಸೇರಿದ್ದು. ತಲೆಯ ಮೇಲೆ ಕೊಂಬೆ ಇರುವಾಗ ಬೀಸುವುದೇನಿದ್ದರೂ ಪಕ್ಕದಿಂದ, ನೀರಿನ ಮಟ್ಟಕ್ಕೆ ಹತ್ತಿರವಾಗಿ. ಐದೂವರೆಯಿಂದ ಆರೂವರೆ ಅಡಿಯ ರಾಡ್ ಇದಕ್ಕೆ ಒದಗುತ್ತದೆ, ದೋಣಿಯಲ್ಲಿ ಕೂತು ಹಿಡಿಯುವವರಿಗಂತೂ ಇನ್ನೂ ಅನುಕೂಲ.

ಇಲ್ಲಿ ಬಲ್ಲವರು ತಕರಾರು ತೆಗೆಯುತ್ತಾರೆ. ಕೆಂಬೇರಿ ಒಂದು ಕೆ.ಜಿ.ಯದ್ದೇ ಇರಲಿ, ಲ್ಯೂರನ್ನು ಹೊಡೆದ ಕ್ಷಣದಲ್ಲೇ ತಿರುಗಿ ಬೇರಿನೊಳಗೆ ನುಗ್ಗುತ್ತದೆ, ಮೆತ್ತನೆಯ ರಾಡಿನಿಂದ ಅದನ್ನು ತಡೆಯಲಾದೀತೇ ಎಂದು. ಈ ಪ್ರಶ್ನೆ ನ್ಯಾಯವಾದದ್ದು. ನೀರಿಗಿಳಿದ ಕಾಂಡ್ಲಾ ಬೇರುಗಳ ಮೇಲೆ ಚಿಪ್ಪುಗಳು ಅಂಟಿಕೊಂಡಿರುತ್ತವೆ. ಬಿಗಿಯಾದ ದಾರ ಒಮ್ಮೆ ಉಜ್ಜಿತೆಂದರೆ ತುಂಡಾಯಿತು. ಅದಕ್ಕೆಂದೇ ಹೆಣೆದ ದಾರದ ಕೊನೆಗೆ ಒಂದೆರಡು ಅಡಿ ದಪ್ಪನೆಯ ಫ್ಲೋರೋಕಾರ್ಬನ್ ಅಥವಾ ನೈಲಾನ್ ತುಂಡನ್ನು ಸೇರಿಸುವುದು. ಅಂಥಲ್ಲಿ ಮೊದಲ ಎರಡು ಕ್ಷಣಗಳಲ್ಲೇ ಎಲ್ಲ ತೀರ್ಮಾನವಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಒಪ್ಪಿಯೂ ಹೇಳುವುದು ಇದು: ಆ ಬಿಗಿ ಬೇಕಾದದ್ದು ರಾಡಿನ ಬುಡದಲ್ಲಿ, ತುದಿಯಲ್ಲಲ್ಲ. ಮೇಲಿನ ಭಾಗ ಮೆತ್ತಗಿದ್ದು ಕೆಳಗಿನ ಭಾಗ ಗಟ್ಟಿಯಿರುವ ರಾಡುಗಳಿವೆ, ಫಾಸ್ಟ್ ಆಕ್ಷನ್ ಎಂದು ಬರೆದಿರುತ್ತದೆ. ಅದರ ತುದಿ ಎಂಟು ಗ್ರಾಮಿಗೆ ಬಾಗುತ್ತದೆ, ಮೀನು ಎಳೆದಾಗ ಬಾಗುವಿಕೆ ಕೆಳಗಿಳಿದು ಬುಡಕ್ಕೆ ತಲುಪಿ ಅಲ್ಲಿ ನಿಲ್ಲುತ್ತದೆ. ಗಮನಿಸಬೇಕಾದದ್ದು, ಬುಡ ಎಷ್ಟು ಗಟ್ಟಿಯಿರಬೇಕು ಎಂಬುದನ್ನು ನಿರ್ಧರಿಸಿದ್ದು ಮೀನಿನ ತೂಕವಲ್ಲ, ಬೇರು. ಅದೇ ಒಂದು ಕೆ.ಜಿ.ಯ ಮೀನು ತೆರೆದ ಮರಳು ತಳದ ಮೇಲೆ ಸಿಕ್ಕಿದ್ದರೆ ಓಡುವಷ್ಟು ಓಡಲಿ ಎಂದು ಬಿಡಬಹುದಿತ್ತು.

ಜೊತೆಗೆ, ಗಟ್ಟಿ ರಾಡ್ ಇದ್ದರೆ ಹೆಚ್ಚು ಬಲ ಹಾಕಬಹುದು ಎಂಬ ನಂಬಿಕೆಯನ್ನೂ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ರಾಡ್ ಒಂದು ಸನ್ನೆಗೋಲು, ಆದರೆ ಅದರ ಲಾಭ ಮೀನಿಗೆ. ಉದ್ದನೆಯ ತುದಿಯಲ್ಲಿ ಮೀನು, ಗಿಡ್ಡ ತುದಿಯಲ್ಲಿ ನಾವು. ಏಳಡಿಯ ರಾಡಿನಲ್ಲಿ ಮುಂದಿನ ಕೈಯಿಂದ ತುದಿಗೆ 1.8 ಮೀಟರ್, ಎರಡು ಕೈಗಳ ನಡುವೆ 30 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ತುದಿಯಲ್ಲಿ 2 ಕೆ.ಜಿ. ಎಳೆತ ಅಡ್ಡವಾಗಿ ಬಿದ್ದರೆ, ಬಾಗದ ರಾಡಿನಲ್ಲಿ ಹಿಂದಿನ ಕೈ 12 ಕೆ.ಜಿ.ಯಷ್ಟು ಒತ್ತಬೇಕು. ಅದೇ ರಾಡ್ ಬಾಗಿ ಆ 1.8 ಮೀಟರ್ 1.2ಕ್ಕೆ ಇಳಿದರೆ ಒತ್ತಬೇಕಾದದ್ದು 8 ಕೆ.ಜಿ. ಬಾಗುವ ರಾಡ್ ನಮ್ಮ ತೋಳಿಗೆ ನೆರವಾಗುತ್ತದೆಯೇ ಹೊರತು ನಮ್ಮನ್ನು ದುರ್ಬಲರನ್ನಾಗಿ ಮಾಡುವುದಿಲ್ಲ. ಸಂಶಯವಿದ್ದವರು ದಾರದ ಕೊನೆಯನ್ನು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಕಟ್ಟಿ ರಾಡ್ ಎತ್ತಿ ನೋಡಬಹುದು. ಎರಡು ಮೂರು ಕೆ.ಜಿ. ದಾಟಿಸುವಷ್ಟರಲ್ಲಿ ಮಣಿಕಟ್ಟು ಸೋಲುತ್ತದೆ. ದಾರದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಎಂಟೊಂಬತ್ತು ಕೆ.ಜಿ. ತಡೆಯುವ ದಾರಕ್ಕೆ ರೀಲಿನ ಡ್ರ್ಯಾಗ್ ಬಿಗಿಯನ್ನು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಡುವುದು ವಾಡಿಕೆ, ಅಂದರೆ ಎರಡು ಮೂರು ಕೆ.ಜಿ.ಯೇ. ಅದಕ್ಕಿಂತ ಹೆಚ್ಚಿನ ಎಳೆತ ರಾಡಿಗೆ ಬರುವ ಮೊದಲೇ ರೀಲು ದಾರ ಬಿಡುತ್ತದೆ. ಹಾಗಿರುವಾಗ ಇಪ್ಪತ್ತೈದು ಕೆ.ಜಿ. ತಡೆಯುವ ರಾಡ್ ಹಳ್ಳದ ಬದಿಯಲ್ಲಿ ಯಾವ ಉಪಯೋಗಕ್ಕೆ ಬಂತು?

ಮೀನಿನ ತೂಕವಲ್ಲ, ನೀರೇ ರಾಡನ್ನು ಹೇಳುತ್ತದೆ ಎಂಬುದಕ್ಕೆ ಇನ್ನೂ ಗಟ್ಟಿಯಾದ ಸಾಕ್ಷಿ ಒಳನಾಡಿನಲ್ಲಿದೆ. ಕೆರೆಕೋಡಿಗಳಲ್ಲಿ, ಜೊಂಡು ತುಂಬಿದ ನಿಧಾನದ ಹಳ್ಳಗಳಲ್ಲಿ ಇರುವ ಕೊರವ ಮೀನು ಎಷ್ಟೋ ಸಲ ಒಂದು ಕೆ.ಜಿ.ಯನ್ನೂ ಮುಟ್ಟುವುದಿಲ್ಲ. ತೂಕದ ಲೆಕ್ಕದಲ್ಲಿ ಅದಕ್ಕೆ ಕೆಂಬೇರಿಗಿಂತ ಹಗುರ ರಾಡ್ ಸಾಕಾಗಬೇಕು. ಆದರೆ ಅದನ್ನು ಹಿಡಿಯುವವರು ಗಡುಸಾದ ರಾಡನ್ನೇ ಹಿಡಿಯುತ್ತಾರೆ, ಅದು ಸರಿಯೂ ಹೌದು. ಅಲ್ಲಿ ಎಸೆಯುವುದು ಜೊಂಡಿನ ಮೇಲೆ ಜಾರಿಕೊಂಡು ಬರುವ ಪೊಳ್ಳು ರಬ್ಬರ್ ಕಪ್ಪೆಯನ್ನು. ಅದರ ಎರಡು ಗಾಳಗಳು ಬೆನ್ನಿಗೆ ಅಂಟಿಕೊಂಡಿರುತ್ತವೆ, ಮೀನು ಕಚ್ಚಿ ಕಪ್ಪೆ ಅಮುಕಿದಾಗ ಮಾತ್ರ ಹೊರಬರುತ್ತವೆ. ಕೊರವನ ಬಾಯಿ ಎಲುಬಿನಿಂದ ಗಟ್ಟಿ, ಮೆತ್ತನೆಯ ರಾಡಿನ ಎಳೆತಕ್ಕೆ ಗಾಳ ನಾಟುವುದಿಲ್ಲ. ನಾಟಿದ ಮೇಲೂ ಮೀನಿನ ಜೊತೆ ಜೊಂಡಿನ ರಾಶಿಯನ್ನೂ ಎಳೆಯಬೇಕು. ಹೀಗೆ ಚಿಕ್ಕ ಮೀನಿಗೆ ಗಡುಸು ರಾಡ್ ಬೇಕಾಯಿತು, ಕಾರಣ ಜೊಂಡು, ಕಾರಣ ಕಪ್ಪೆ. ಇದೇ ಮೀನಿನ ಬಗ್ಗೆ ಇನ್ನೊಂದು ಮಾತನ್ನು ಹೇಳದಿದ್ದರೆ ತಪ್ಪಾದೀತು. ಮಳೆಗಾಲದಲ್ಲಿ ಕೆಂಪಗಿನ ಮರಿಗಳ ಗುಂಪನ್ನು ಕಾಯುತ್ತಿರುವ ತಾಯಿತಂದೆ ಕೊರವಗಳು ಆ ಗುಂಪಿನ ನಡುವೆ ಬಿದ್ದ ಏನನ್ನಾದರೂ ಹೊಡೆಯುತ್ತವೆ. ಅದು ಹಸಿವಿನ ಹೊಡೆತವಲ್ಲ. ಅಂಥ ಗುಂಪು ಕಂಡಲ್ಲಿ ಲ್ಯೂರ್ ಎಸೆಯಬಾರದು. ಕಾಯುವ ಮೀನನ್ನು ತೆಗೆದರೆ ಮರಿಗಳು ಉಳಿಯುವುದಿಲ್ಲ.

ಇಷ್ಟೆಲ್ಲ ಏಕೆ, ಜೀವಂತ ಸಿಗಡಿಯನ್ನು ಗಾಳಕ್ಕೆ ಚುಚ್ಚಿ ಕೈದಾರದಿಂದ ಇಳಿಬಿಟ್ಟರೆ ಇದಕ್ಕಿಂತ ಹೆಚ್ಚು ಮೀನು ಸಿಗುತ್ತದಲ್ಲ ಎನ್ನುವವರಿದ್ದಾರೆ. ನಿಜ, ಸಿಗುತ್ತದೆ. ಹೊಟ್ಟೆಪಾಡಿಗೆ ಮೀನು ಹಿಡಿಯುವವರಿಗೆ ಅದೇ ಸರಿಯಾದ ದಾರಿ, ಅವರಿಗೆ ರಾಡಿನ ಪಾಠ ಹೇಳುವ ಅಧಿಕಾರ ಯಾರಿಗೂ ಇಲ್ಲ. ಲ್ಯೂರಿನ ಒಂದು ಗುಣ ಮಾತ್ರ ಬೇರೆ. ಸುಮ್ಮನೆ ಬಿಟ್ಟ ಎರೆಯನ್ನು ಮೀನು ನುಂಗಿಬಿಡುತ್ತದೆ, ಗಾಳ ಗಂಟಲಿಗೋ ಹೊಟ್ಟೆಗೋ ಇಳಿಯುತ್ತದೆ. ಓಡುತ್ತಿರುವ ಲ್ಯೂರನ್ನು ಹೊಡೆದ ಮೀನು ಸಾಮಾನ್ಯವಾಗಿ ತುಟಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಮೂರು ಮುಳ್ಳಿನ ಗಾಳ ತೆಗೆದು ಮರುಮುಳ್ಳಿಲ್ಲದ ಒಂಟಿ ಗಾಳ ಹಾಕಿದರೆ ಬಿಡಿಸಿ ನೀರಿಗೆ ಬಿಡುವುದು ಸುಲಭ. ಮೀನನ್ನು ಬಿಡುವ ಉದ್ದೇಶವಿರುವವರಿಗೆ ಇದು ದೊಡ್ಡ ವಿಷಯ. ಕುರುಡಿಯಂಥ ಮೀನಿನಲ್ಲಿ ಮತ್ತೂ ದೊಡ್ಡದು, ಏಕೆಂದರೆ ಅದು ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ಬಳಿಕ ಹೆಣ್ಣಾಗುತ್ತದೆ. ದೊಡ್ಡ ಕುರುಡಿಗಳೆಲ್ಲ ಬಹುತೇಕ ಹೆಣ್ಣುಗಳು. ಹೊಟ್ಟೆಪಾಡಿಗಲ್ಲದಿದ್ದರೂ ಈ ಹವ್ಯಾಸ ಹೊಸದಾಗಿ ಬಂದ ಶೋಕಿಯಲ್ಲ. ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಬರೆದ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ.

ಬಿಡುವ ಮಾತು ಬಂದ ಮೇಲೆ ನನ್ನ ವಾದಕ್ಕೇ ಒಂದು ಅಂಕೆ ಹಾಕಬೇಕಾಗುತ್ತದೆ. ಹಗುರವೇ ಒಳ್ಳೆಯದೆಂದು ತೀರಾ ನೂಲಿನಂಥ ರಾಡ್ ಹಿಡಿದು ಅರ್ಧ ಗಂಟೆ ಮೀನನ್ನು ಆಡಿಸುವವರಿದ್ದಾರೆ. ಅದು ಕೌಶಲವಲ್ಲ, ಮೀನಿಗೆ ಹಿಂಸೆ. ನಮ್ಮ ನೀರು ಬೆಚ್ಚಗಿನದು. 20 ಡಿಗ್ರಿಯಲ್ಲಿ ಸಿಹಿನೀರು ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ, ಉಪ್ಪು ಬೆರೆತ ನೀರಿನಲ್ಲಿ ಇನ್ನೂ ಕಡಿಮೆ. ದಣಿದ ಮೀನು ಅಂಥ ನೀರಿನಲ್ಲಿ ಈಜಿಕೊಂಡು ಹೋದಂತೆ ಕಂಡರೂ ಚೇತರಿಸಿಕೊಳ್ಳದೆ ಸಾಯಬಹುದು. ಮಾರ್ಚ್‌ನಿಂದ ಮೇವರೆಗಿನ ಬೇಸಿಗೆಯಲ್ಲಿ ಹರಿವು ನಿಂತ ಹಳ್ಳದ ಗುಂಡಿಗಳಲ್ಲಂತೂ ಇದು ಇನ್ನೂ ಗಂಭೀರ. ಆದ್ದರಿಂದ ರಾಡಿನ ಗಡುಸಿಗೆ ಮೇಲಿನ ಗಡಿ ಲ್ಯೂರಿನದ್ದಾದರೆ ಕೆಳಗಿನ ಗಡಿ ಮೀನಿನ ಉಸಿರಿನದ್ದು. ಒಂದೆರಡು ನಿಮಿಷದಲ್ಲಿ ದಡಕ್ಕೆ ತರಲಾಗದಷ್ಟು ಮೆತ್ತನೆಯದು ಆ ಹಳ್ಳಕ್ಕೆ ತಕ್ಕ ರಾಡಲ್ಲ.

ಕಾರ್ಬನ್ನೋ ಫೈಬರ್‌ಗ್ಲಾಸೋ ಎಂಬ ಪ್ರಶ್ನೆಗೆ ನಾನು ಅಂಗಡಿಗಳಷ್ಟು ಮಹತ್ವ ಕೊಡುವುದಿಲ್ಲ. ಕಾರ್ಬನ್ ಹಗುರ, ಲ್ಯೂರ್ ಬೇರನ್ನು ಸೋಕಿದ್ದೂ ಕೈಗೆ ತಿಳಿಯುತ್ತದೆ, ಆದರೆ ಬಂಡೆಗೆ ಬಡಿದರೆ ಬಿರುಕು ಬಿಡುತ್ತದೆ. ಗ್ಲಾಸ್ ತೂಕದ್ದು, ನಿಧಾನದ್ದು, ಬೆಲೆ ಕಡಿಮೆ, ಪೆಟ್ಟು ತಾಳುತ್ತದೆ. ಕಲಿಯುವ ಹುಡುಗರಿಗೆ ಅದನ್ನೇ ಕೊಡಿಸಬಹುದು. ಆದರೆ ಕಾರ್ಬನ್ ವಿದ್ಯುತ್ತನ್ನು ಹರಿಯಗೊಡುತ್ತದೆ ಎಂಬುದನ್ನು ಬೆಲೆಚೀಟಿಯಷ್ಟೇ ಗಮನವಿಟ್ಟು ನೆನಪಿಡಬೇಕು. ಗದ್ದೆಬಯಲಿನಲ್ಲಿ ತಗ್ಗಾಗಿ ಹಾದ ಕರೆಂಟಿನ ತಂತಿಯ ಕೆಳಗೆ ಅದನ್ನು ಎತ್ತಬಾರದು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದ ಕೂಡಲೇ ಕೆಳಗಿಟ್ಟು ದಡ ಬಿಡಬೇಕು.

ಒಬ್ಬೊಬ್ಬರು ಹಳ್ಳಕ್ಕೊಂದು ರಾಡ್ ಕೊಳ್ಳುವುದು ಸಾಧ್ಯವೇ ಎಂಬ ಕೊನೆಯ ಆಕ್ಷೇಪಕ್ಕೆ ಉತ್ತರ, ಬೇಕಾಗಿಲ್ಲ ಎಂದೇ. ಹೆಚ್ಚಿನವರು ಮತ್ತೆ ಮತ್ತೆ ಹೋಗುವುದು ಮನೆಗೆ ಹತ್ತಿರದ ಒಂದೋ ಎರಡೋ ನೀರಿಗೆ. ಆ ನೀರಿನಲ್ಲಿ ಯಾವ ತೂಕದ ಲ್ಯೂರ್ ಹೆಚ್ಚು ಬಳಕೆಯಾಗುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ದಾರ, ದಾರಕ್ಕೆ ರಾಡ್ ಎಂಬ ಕ್ರಮದಲ್ಲಿ ಹೊರಟರೆ ಒಂದರಲ್ಲೇ ಮುಗಿಯುತ್ತದೆ. ಕಾಂಡ್ಲಾ ಹಳ್ಳಗಳ ಬದಿಯಲ್ಲಿರುವವರಿಗೆ ಆರಡಿ ಉದ್ದದ, 5ರಿಂದ 15 ಗ್ರಾಂ ಎಸೆಯುವ, ಬುಡ ಗಟ್ಟಿಯಿರುವ ರಾಡ್ ಮತ್ತು 2000 ಅಥವಾ 2500 ಗಾತ್ರದ ರೀಲು ಸಾಕು. ಅದನ್ನೇ ಹಿಡಿದು ಅಳಿವೆಯ ಬಾಯಿಗೋ ಕಡಲ ದಂಡೆಗೋ ಹೋದರೆ ಲ್ಯೂರ್ ಅಲೆಯನ್ನು ದಾಟುವುದಿಲ್ಲ. ಅಂಗಡಿಯವರು ತೋರಿಸಿದ ಆ ಒಂಬತ್ತಡಿಯ ರಾಡ್ ಬೇಕಾಗುವುದು ಅಲ್ಲಿ.